ಫೋನಿನಲ್ಲಿ ಎಲ್ಲರೂ ಸೌಖ್ಯ

ಮೊನ್ನೆ ಶನಿವಾರ ಮೂಡುಬಿದಿರೆಯಲ್ಲಿ ಮಗಳ ಶಾಲೆಯವರು ಪೋಷಕರನ್ನೆಲ್ಲ ಸಭಾಂಗಣಕ್ಕೆ ಕರೆಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರು ತಿರುಗಿಸಿಕೊಂಡು ಕೂರಲು ಹೇಳಿದರು. ಅಷ್ಟೂ ಕುರ್ಚಿಗಳು ಒಟ್ಟಿಗೆ ನೆಲಕ್ಕೆ ಉಜ್ಜಿದ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ನಮ್ಮ ಕಡೆಯವರಿಗೆ ಸಭೆಗಳಲ್ಲಿ ಮುಂದೆ ಕೂತವರ ಬೆನ್ನು ನೋಡಿ ಅಭ್ಯಾಸವೇ ಹೊರತು ಮುಖ ನೋಡಿ ಅಭ್ಯಾಸವಿಲ್ಲ. ಬೆನ್ನಾದರೆ ಆಕಳಿಸಬಹುದು, ಮೊಬೈಲು ನೋಡಬಹುದು, ರಾತ್ರಿಗೆ ಏನು ಪದಾರ್ಥ ಮಾಡುವುದೆಂದು ಯೋಚಿಸಬಹುದು. ಮುಖ ಎದುರಿಗಿದ್ದರೆ ಏನು ಮಾಡುವುದು, ನೀವೇ ಹೇಳಿ.

ಸಭೆಯ ವಿಷಯ ‘ಪೋಷಕರು ಮತ್ತು ಮಕ್ಕಳ ಸಮಗ್ರ ಸೌಖ್ಯ’. ಮಕ್ಕಳಿಗೆ ಬೇಕರಿ ತಿಂಡಿ ಕೊಡಬೇಡಿ, ಮೊಬೈಲು ಕೊಡಬೇಡಿ ಎಂದು ಎರಡು ಬುದ್ಧಿಮಾತು ಹೇಳಿ ಚಾ ಕೊಟ್ಟು ಕಳುಹಿಸುತ್ತಾರೆಂದು ನಾನು ಹೋಗಿದ್ದೆ. ಮಾತಾಡಲು ಬಂದವಳು ಇನ್ನೂ ಮೂವತ್ತು ದಾಟದ ಹುಡುಗಿ. ಬೋರ್ಡಿನ ಮೇಲೆ ದೇಹ, ಮನಸ್ಸು, ಸಂಬಂಧ ಎಂದು ಮೂರು ವೃತ್ತ ಬರೆದು, ಮೂರೂ ಕೂಡುವ ಜಾಗದಲ್ಲಿ ಒಂದು ಚುಕ್ಕಿ ಇಟ್ಟು, “ನಾವೆಲ್ಲ ಇಲ್ಲಿರಬೇಕು” ಎಂದಳು. ನಾನಿರುವುದು ಬೋರ್ಡಿನಿಂದಲೇ ಸ್ವಲ್ಪ ಹೊರಗೆ, ಚಾಕ್‌ಪೀಸ್ ಇಡುವ ಹಲಗೆಯ ಆಸುಪಾಸಿನಲ್ಲಿ ಎಂದು ನನಗನಿಸಿತು. ಆದರೆ ಹುಡುಗಿಯ ಮೇಲೆ ಸಿಟ್ಟೇನೂ ಬರಲಿಲ್ಲ. ಅವಳು ಹೇಳಿದ್ದನ್ನು ಅವಳು ನಂಬಿದ್ದಳು.

ನನ್ನೊಂದಿಗೆ ಬಂದವರು ಅಪ್ಪ; ಅವರೂ ಅಮ್ಮನೂ ಈಗ ನಮ್ಮ ಮನೆಯಲ್ಲೇ ಇರುವುದು. ಗಂಡ ಅಂಗಡಿ ಬಿಟ್ಟು ಏಳುವ ಪೈಕಿಯಲ್ಲ. ಅಪ್ಪ ಮಾತ್ರ ಮೊಮ್ಮಗಳ ಶಾಲೆಯ ಒಂದು ಸಭೆಯನ್ನೂ ತಪ್ಪಿಸುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿ, ನನಗಿಂತ ಮೊದಲೇ ಹೊರಟು, ಗೇಟಿನ ಹತ್ತಿರ ನಿಂತು ಗಡಿಯಾರ ನೋಡುತ್ತಾರೆ. ನನ್ನ ಶಾಲೆಯ ಒಂದು ಸಭೆಗೂ ಅವರು ಬರಲಿಲ್ಲ. ಬರುವುದಾದರೂ ಹೇಗೆ? ನಾನು ಒಂದನೇ ತರಗತಿಗೆ ಸೇರುವ ಮೊದಲೇ ಅವರು ಗಲ್ಫಿಗೆ ಹೋಗಿದ್ದರು, ಒಂದು ಕಂಪೆನಿಯ ಕ್ಯಾಂಟೀನಿನಲ್ಲಿ ಅಡುಗೆಗೆ. ಈಗ ಬಾಕಿ ಉಳಿದದ್ದನ್ನೆಲ್ಲ ಮೊಮ್ಮಗಳ ಲೆಕ್ಕದಲ್ಲಿ ತೀರಿಸುತ್ತಿದ್ದಾರೆಂದು ಅಮ್ಮ ತಮಾಷೆ ಮಾಡುತ್ತಾಳೆ.

ಹುಡುಗಿ ಹೇಳಿದ ಆಟ ಇಷ್ಟು: ಎದುರುಬದುರು ಕೂತ ಇಬ್ಬರಲ್ಲಿ ಒಬ್ಬರು ತಾವು ಹೇಗಿದ್ದೇವೆಂದು ನಿಜವಾಗಿ ಹೇಳಬೇಕು. ಇನ್ನೊಬ್ಬರು ಸುಮ್ಮನೆ ಕೇಳಬೇಕು. “ನಡುವೆ ಬಾಯಿ ಹಾಕಬಾರದು. ಸಲಹೆ ಕೊಡಬಾರದು. ‘ಎಲ್ಲ ಸರಿಯಾಗುತ್ತದೆ’ ಅಂತ ಹೇಳಲೇಬಾರದು. ನಾನು ಗಂಟೆ ಬಾರಿಸುವವರೆಗೆ ಬರೀ ಕೇಳಿ.” ಸಲಹೆ ಕೊಡಬಾರದೆಂದರೆ ದಕ್ಷಿಣ ಕನ್ನಡದವರ ಬಾಯಿಗೆ ಬೀಗ ಹಾಕಿದ ಹಾಗೆಯೇ. ಪಕ್ಕದಲ್ಲಿ ಕೂತ ಇಬ್ಬರು ಗಂಡಸರು ಅರೆಗಳಿಗೆ ಮಿಕಮಿಕ ನೋಡಿಕೊಂಡು, ಆಮೇಲೆ ವಿಟ್ಲದಲ್ಲಿ ಅಡಿಕೆಗೆ ಈಗ ಎಷ್ಟುಂಟು ಎಂಬಲ್ಲಿಗೆ ಬಂದು ಆರಾಮಾಗಿಬಿಟ್ಟರು.

ಅಪ್ಪ ನನ್ನನ್ನು ನೋಡಿದರು. “ಎಂಥ ಹೇಳುವುದು? ಸೌಖ್ಯ,” ಎಂದರು.

ಆಟದ ನಿಯಮದಂತೆ ನಾನು ಸುಮ್ಮನಿದ್ದೆ.

ಈ ‘ಸೌಖ್ಯ’ದ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ನಮ್ಮೂರಿನಲ್ಲಿ ಇಬ್ಬರು ಎದುರಾದರೆ ಮೊದಲ ಪ್ರಶ್ನೆ “ಸೌಖ್ಯವಾ?” ಉತ್ತರ “ಸೌಖ್ಯ.” ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಸ್ಸಿನಿಂದ ಇಳಿಯುತ್ತಿರುವವನೂ ಮೊದಲು ಸೌಖ್ಯ ಎಂದು, ಆಮೇಲೆಯೇ ಬಿದ್ದ ಕಥೆ ಹೇಳುತ್ತಾನೆ. ಇದು ಊರೊಳಗಿನ ಕ್ರಮವಾಯಿತು. ‘ಅಲ್ಲಿಗೆ’ ಫೋನು ಮಾಡುವಾಗ ಕ್ರಮ ಇನ್ನೂ ಬಿಗಿ. ನನ್ನ ಬಾಲ್ಯದಲ್ಲಿ ‘ಅಲ್ಲಿ’ ಎಂದರೆ ಗಲ್ಫ್, ಹೆಸರು ಹೇಳಬೇಕಾಗಿರಲಿಲ್ಲ. ಅಲ್ಲಿಗೆ ಬೇಸರದ ಸುದ್ದಿ ತಿಳಿಸಬಾರದು. ಪಾಪ, ಬಿಸಿಲಲ್ಲಿ ದುಡಿಯುವವರು, ಕೇಳಿ ಮಾಡುವುದಾದರೂ ಏನು, ಸುಮ್ಮನೆ ಊಟ ಬಿಡುತ್ತಾರೆ. ಅಲ್ಲಿಯವರೂ ಇಲ್ಲಿಗೆ ತಿಳಿಸುತ್ತಿರಲಿಲ್ಲ, ಅದೇ ಕಾರಣಕ್ಕೆ. ಹೀಗೆ ಸಮುದ್ರದ ಎರಡೂ ಬದಿಯವರು ಒಬ್ಬರನ್ನೊಬ್ಬರು ಸೌಖ್ಯದಿಂದ ಹೊಡೆದು ಮಲಗಿಸುತ್ತಿದ್ದರು. ನಮ್ಮ ಹತ್ತಿರದ ಮನೆಯ ಅಜ್ಜಿ ತೀರಿಕೊಂಡದ್ದನ್ನು ಅಲ್ಲಿದ್ದ ಮೊಮ್ಮಗನಿಗೆ ಯಾರೂ ಹೇಳಿರಲಿಲ್ಲ; ಫೋನಿನಲ್ಲಿ ಅಜ್ಜಿ ಯಾವಾಗಲೂ ಮಲಗಿರುತ್ತಿದ್ದರು, ಇಲ್ಲವೇ ಸ್ನಾನಕ್ಕೆ ಹೋಗಿರುತ್ತಿದ್ದರು. ರಜೆಯಲ್ಲಿ ಬಂದವನು ಅಜ್ಜಿಗೆಂದು ಹುಲಿಯ ಚಿತ್ರದ ದಪ್ಪ ಕಂಬಳಿ ತಂದಿದ್ದ. ಅದನ್ನು ಏನು ಮಾಡಿದರೆಂದು ನನಗೆ ಗೊತ್ತಿಲ್ಲ. ಕೇಳಲು ಯಾರಿಗೂ ಧೈರ್ಯವಿರಲಿಲ್ಲ.

ನಮ್ಮ ಮನೆ ಆಗ ಬಂಟ್ವಾಳದ ಹತ್ತಿರ ನರಿಕೊಂಬಿನಲ್ಲಿ. ನಮಗೆ ಫೋನಿರಲಿಲ್ಲ. ಇದ್ದದ್ದು ಗದ್ದೆಯಾಚೆಯ ಐಸಮ್ಮನ ಮನೆಯಲ್ಲಿ. ಅವರ ಮಗ ಹಮೀದ್ ಅಪ್ಪ ಇದ್ದ ಊರಿನಲ್ಲೇ ಒಂದು ಅಂಗಡಿಯಲ್ಲಿದ್ದ. ಶುಕ್ರವಾರ ಅಲ್ಲಿ ರಜೆ. ಅವರ ನಮಾಜು, ಊಟ ಮುಗಿದ ಮೇಲೆ ಇಲ್ಲಿ ಮಧ್ಯಾಹ್ನ ಕಳೆಯುವ ಹೊತ್ತಿಗೆ ಫೋನು ಬರುತ್ತಿತ್ತು, ಮೊದಲು ಹಮೀದನದ್ದು, ಆಮೇಲೆ ಅಪ್ಪನದ್ದು. ಅಮ್ಮನದ್ದು ಬೆಳಿಗ್ಗೆಯಿಂದಲೇ ತಯಾರಿ. ತಲೆಗೆ ಸ್ನಾನ, ಪೆಟ್ಟಿಗೆಯಲ್ಲಿಟ್ಟ ಸೀರೆ, ಮುಡಿಗೆ ಮಲ್ಲಿಗೆ.

“ಫೋನಿನಲ್ಲಿ ಮಲ್ಲಿಗೆ ಕಾಣ್ತದಾ ಅಮ್ಮ?” ಎಂದು ನಾನೊಮ್ಮೆ ಕೇಳಿದ್ದೆ.

“ಕಾಣುವುದಿಲ್ಲ. ಕೇಳ್ತದೆ,” ಎಂದಿದ್ದಳು.

ದಾರಿಯುದ್ದಕ್ಕೂ ನನಗೆ ಪಾಠ. ಜ್ವರ ಬಂದದ್ದು ಹೇಳಬಾರದು. ಗಣಿತದಲ್ಲಿ ಕಡಿಮೆ ಮಾರ್ಕು ಬಂದದ್ದು ಹೇಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, “ಅಪ್ಪ, ನೀವು ಯಾವಾಗ ಬರ್ತೀರಿ?” ಎಂದು ಕೇಳಲೇಬಾರದು. ಕೇಳಿದರೆ ಅವರಿಗೆ ಬೇಸರವಾಗುತ್ತದೆ. ಹಾಗಾಗಿ ನಾನು ಕೇಳುತ್ತಿರಲಿಲ್ಲ. ಕೇಳದೆಯೇ ಅವರಾಗಿ ಹೇಳಿಯಾರೆಂದು ಪ್ರತಿ ಶುಕ್ರವಾರ ಕಾಯುತ್ತಿದ್ದೆ. ನನಗೆ ಬೇಕಾಗಿದ್ದದ್ದು ಚಾಕಲೇಟಲ್ಲ, ಬಣ್ಣದ ಪೆನ್ಸಿಲಲ್ಲ, “ಬರ್ತೇನೆ” ಎನ್ನುವ ಒಂದು ಮಾತು. ರಜೆಗೆ ಬರುವುದಲ್ಲ; ರಜೆಗೆ ಬಂದ ಅಪ್ಪ ಒಬ್ಬ ನೆಂಟ, ಸೂಟ್‌ಕೇಸು ಬಿಚ್ಚುವುದರೊಳಗೆ ಮತ್ತೆ ಕಟ್ಟುವವರು. ಪೂರ್ತಿ ಬರುವುದು. ಆ ಮಾತು ಬರುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಐಸಮ್ಮ ಕೊಡುವ ಬಿಸಿ ಅಕ್ಕಿರೊಟ್ಟಿಯನ್ನೂ ಕೋಳಿಸಾರನ್ನೂ ತಿಂದು, ದುಃಖ ಮರೆತು ಮನೆಗೆ ಬರುತ್ತಿದ್ದೆ. ಮಕ್ಕಳ ದುಃಖಕ್ಕೆ ಹೊಟ್ಟೆಯ ಹಾದಿಯಲ್ಲಿ ಮದ್ದುಂಟೆಂದು ಆ ಮಹಾತಾಯಿಗೆ ಗೊತ್ತಿತ್ತು.

ನಾನು ಏಳನೆಯಲ್ಲಿರುವಾಗ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ಬಹಳ ತಿಂಗಳು ನೋವು ನುಂಗಿಕೊಂಡು, ಇನ್ನು ಆಗುವುದಿಲ್ಲ ಎನ್ನುವಾಗ ಮಂಗಳೂರಿನ ಆಸ್ಪತ್ರೆಗೆ ಸೇರಿದಳು. ನನ್ನನ್ನು ನೋಡಿಕೊಳ್ಳಲು ಬೆಳ್ತಂಗಡಿ ಕಡೆಯಿಂದ, ನಾರಾವಿಯಿಂದ, ವಾರಿಜ ಚಿಕ್ಕಮ್ಮ ಬಂದಳು, ಅಮ್ಮನ ತಂಗಿ. ಆಪರೇಷನ್ನಿಗೆ ಹೆದರದ ಅಮ್ಮ ಶುಕ್ರವಾರಕ್ಕೆ ಹೆದರಿದಳು. ತಾನಿಲ್ಲದಿದ್ದರೆ ಅವರಿಗೆ ಗೊತ್ತಾಗಿಬಿಡುತ್ತದಲ್ಲ?

“ವಾರಿಜ, ನೀನೇ ನಾನು ಅಂತ ಮಾತಾಡು,” ಎಂದು ಆಸ್ಪತ್ರೆಗೆ ಹೊರಡುವ ದಿನ ಅಪ್ಪಣೆಯಾಯಿತು.

“ದೇವರೇ! ಭಾವನ ಹತ್ತಿರ ನಾನಾ? ನಿನಗೆ ಮಂಡೆ ಸಮ ಉಂಟಾ ಅಕ್ಕ?”

“ನಮ್ಮಿಬ್ಬರ ಸ್ವರ ಒಂದೇ ಅಲ್ಲವಾ ಮಾರಾಯ್ತಿ. ಹೆಚ್ಚು ಮಾತಾಡ್ಲಿಕ್ಕೆ ಹೋಗಬೇಡ. ಹೂಂ ಅನ್ನು, ಸೌಖ್ಯ ಅನ್ನು, ಇಡು.”

ಸ್ವರ ಒಂದೇ ಎಂಬುದು ಸುಳ್ಳಲ್ಲ. ಚಿಕ್ಕಮ್ಮ ಕರೆದರೆ ನಮ್ಮ ಹಟ್ಟಿಯ ದನ ಅಮ್ಮನೆಂದೇ ಓಡಿಬರುತ್ತಿತ್ತು. ದನ ಮೋಸಹೋದ ಮೇಲೆ ಗಂಡ ಮೋಸಹೋಗಲಾರನೇ ಎಂಬುದು ಅಮ್ಮನ ಧೈರ್ಯ.

ಮೊದಲ ಶುಕ್ರವಾರ ಸುಸೂತ್ರವಾಗಿ ಕಳೆಯಿತು. ಚಿಕ್ಕಮ್ಮ ರಿಸೀವರನ್ನು ಬಿಸಿ ಪಾತ್ರೆ ಹಿಡಿದಂತೆ ಸೆರಗಿನಲ್ಲಿ ಹಿಡಿದು, ಹೂಂ, ಹೂಂ, ಸೌಖ್ಯ ಎಂದು ಇಟ್ಟಳು. ಐಸಮ್ಮ ತಲೆಗೆ ಹೊದ್ದ ತಟ್ಟಿಯ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಎರಡನೇ ಶುಕ್ರವಾರ ಹಾಗಾಗಲಿಲ್ಲ. ಚಿಕ್ಕಮ್ಮ ಹೂಂ ಎಂದಳು. ಮತ್ತೊಂದು ಹೂಂ. ಆಮೇಲೆ ಹೂಂ ಕೂಡ ನಿಂತಿತು. ಆಚೆ ಕಡೆಯಿಂದ ಮಾತು ಬರುತ್ತಲೇ ಇತ್ತು. ನಾನು ಅವಳ ಮಗ್ಗುಲಲ್ಲೇ, ಸ್ಟೂಲಿಗೆ ಒರಗಿ ನಿಂತಿದ್ದೆ. ಒಳಗಿನಿಂದ ಸಣ್ಣ ಗುಂಯ್ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಚಿಕ್ಕಮ್ಮನ ಗಲ್ಲದಿಂದ ನೀರು ಇಳಿದು ಕುತ್ತಿಗೆಗೆ ಬಂದಿತ್ತು. ಕೊನೆಗೆ ಅವಳು ಹೇಳಿದ್ದು ಇಷ್ಟೇ, “ಆಯ್ತು. ಹೇಳ್ತೇನೆ.” ಹಾಗೆಂದವಳು ಬೆಚ್ಚಿ ನಾಲಿಗೆ ಕಚ್ಚಿಕೊಂಡಳು. ಹೆಂಡತಿಯಾದವಳು ಯಾರಿಗೆ ಹೇಳುವುದು? ಫೋನಿಟ್ಟ ಮೇಲೆ “ಎಂಥ ಆಯ್ತು ಚಿಕ್ಕಮ್ಮ?” ಎಂದು ಕೇಳಿದೆ. “ಎಂಥ ಇಲ್ಲ, ಲೈನು ಸರಿಯಿರಲಿಲ್ಲ,” ಎಂದಳು. ಲೈನು ಸರಿಯಿಲ್ಲದ್ದಕ್ಕೆ ಅಳುವವರನ್ನು ನಾನು ಅಂದೇ ಮೊದಲು ನೋಡಿದ್ದು.

ಮೂರನೇ ಶುಕ್ರವಾರದ ಹೊತ್ತಿಗೆ ಅಮ್ಮ ಮನೆಯಲ್ಲಿದ್ದಳು. ನಡೆಯಬಾರದೆಂದು ಡಾಕ್ಟರು ಹೇಳಿದ್ದರೂ ರಿಕ್ಷಾ ಮಾಡಿಸಿ ಐಸಮ್ಮನ ಮನೆಗೆ ಹೋಗಿ, ಹೊಟ್ಟೆಗೆ ಕೈ ಅದುಮಿ ಹಿಡಿದು, ಎಂದಿನಂತೆ ಹರಳು ಹುರಿದ ಹಾಗೆ ಮಾತಾಡಿದಳು. ಎಲ್ಲ ಸೌಖ್ಯ, ತೆಂಗಿನಕಾಯಿ ಕೀಳಿಸಿದೆವು, ದನ ಕರು ಹಾಕಿತು, ನೀವು ಇಲ್ಲಿಯ ಚಿಂತೆ ಮಾಡಬೇಡಿ, ಅಲ್ಲಿಯ ಕೆಲಸ ನೋಡಿಕೊಳ್ಳಿ. ಅಪ್ಪ ಅಂದು ಬೇಗ ಫೋನಿಟ್ಟರು. ಅವರು ಪೂರ್ತಿ ಊರಿಗೆ ಬಂದದ್ದು ಬಹಳ ವರ್ಷಗಳ ಮೇಲೆ, ನಾನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಅಷ್ಟರಲ್ಲಿ ಕಾಯುವ ಅಭ್ಯಾಸ ನನಗೆ ತಪ್ಪಿಹೋಗಿತ್ತು. ಮನೆಗೆ ಹೊಸದಾಗಿ ಬಂದ ಬಾಡಿಗೆದಾರರನ್ನು ಕಂಡಂತೆ ಅವರನ್ನು ಕಂಡೆ. ಬಚ್ಚಲಿಗೆ ಅವರು ಮೊದಲೋ ನಾನು ಮೊದಲೋ ಎಂಬುದರಲ್ಲೇ ಮೊದಲ ತಿಂಗಳು ಕಳೆಯಿತು.

ಇನ್ನು ಸಭಾಂಗಣಕ್ಕೆ ಬರುವ. ಅಪ್ಪ ಸೌಖ್ಯ ಎಂದು ಸುಮ್ಮನಾದರು, ನಾನೂ ಸುಮ್ಮನಿದ್ದೆ. ಬೇರೆ ದಿನವಾದರೆ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿ ಆ ಖಾಲಿಯನ್ನು ತುಂಬಿಸುತ್ತಿದ್ದೆ. ಹುಡುಗಿ ಸಾಲಿನ ನಡುವೆ ಓಡಾಡುತ್ತಿದ್ದಳು, ಬಾಯಿ ತೆರೆಯುವಂತಿರಲಿಲ್ಲ. ಅಪ್ಪ ನನ್ನ ಮುಖ ನೋಡಿದರು, ಸೀಲಿಂಗ್ ಫ್ಯಾನು ನೋಡಿದರು, ಮತ್ತೆ ನನ್ನ ಮುಖ ನೋಡಿದರು.

“ಹೀಗೆ ಸುಮ್ಮನೆ ಕೇಳಿದವಳು ವಾರಿಜ ಒಬ್ಬಳೇ,” ಎಂದರು. “ಆ ಫೋನಿನಲ್ಲಿ.”

ಅಂದು ಮಾತಾಡಿದ್ದು ಚಿಕ್ಕಮ್ಮ ಎಂದು ಇವರಿಗೆ ಗೊತ್ತಿತ್ತೇ? ನನ್ನ ಮುಖದಲ್ಲಿದ್ದ ಪ್ರಶ್ನೆಯನ್ನು ಅಪ್ಪ ಓದಿಕೊಂಡರು.

“ಗೊತ್ತಿಲ್ಲದೆ ಎಂಥ? ನಿನ್ನ ಅಮ್ಮ ಫೋನಿನಲ್ಲಿ ಉಸಿರು ತೆಗೆಯಲಿಕ್ಕೂ ನಿಲ್ಲುವವಳಲ್ಲ. ಮತ್ತೆ ಆಪರೇಷನಿನ ಸುದ್ದಿ ಹಮೀದ್ ಆ ವಾರವೇ ಹೇಳಿದ್ದ. ‘ನಿಮಗೆ ಹೇಳಬಾರದು ಅಂತ ನಮ್ಮ ಉಮ್ಮ ಆಣೆ ಹಾಕಿದ್ದಾರೆ, ಹಾಗಾಗಿ ನಿಮಗೆ ಗೊತ್ತಿಲ್ಲ ಅಂತ ಇಟ್ಟುಕೊಳ್ಳಿ’ ಅಂದ. ಇಟ್ಟುಕೊಂಡೆ. ಇಲ್ಲಿ ಇವಳನ್ನು ಕೊಯ್ದಿದ್ದಾರೆ, ನಾನು ಅಲ್ಲಿ ಸಾಂಬಾರಿಗೆ ಉಪ್ಪು ನೋಡ್ತಾ ಇದ್ದೇನೆ. ನಿದ್ದೆ ಇಲ್ಲ. ಒಂದು ಕೋಣೆಯಲ್ಲಿ ಅಷ್ಟು ಜನ, ಅಳಲಿಕ್ಕೂ ಜಾಗ ಇಲ್ಲ ಮಗಾ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳ್ತಿದ್ದೆ. ಆ ಎರಡನೇ ವಾರ ಫೋನಿನಲ್ಲಿ ವಾರಿಜ ಹೂಂ ಅಂದಳು, ಮತ್ತೆ ಮಾತಿಲ್ಲ. ನನ್ನ ಬಾಯಿ ತನ್ನಿಂದ ತಾನೇ ಬಿಚ್ಚಿಕೊಂಡಿತು. ನನ್ನಿಂದ ಇನ್ನು ಆಗುವುದಿಲ್ಲ, ಎಲ್ಲ ಬಿಟ್ಟು ಊರಿಗೆ ಬರ್ತೇನೆ, ಬಿ.ಸಿ.ರೋಡಿನಲ್ಲಿ ಒಂದು ಸಣ್ಣ ಹೋಟೆಲು ಇಡುವ, ಗಂಜಿ ಕುಡಿದಾದರೂ ಒಟ್ಟಿಗೆ ಇರುವ ಅಂದೆ. ಅಕ್ಕನಿಗೆ ಮುಟ್ಟಿಸ್ತಾಳೆ ಅಂತಲೇ ಹೇಳಿದ್ದು. ನನಗೆ ನೇರ ಇವಳ ಹತ್ತಿರ ಹೇಳ್ಲಿಕ್ಕೆ ನಾಲಿಗೆ ಏಳ್ತಿರಲಿಲ್ಲ. ಹೇಳ್ತೇನೆ ಅಂದಳು ವಾರಿಜ. ಮರುವಾರ ನಿನ್ನ ಅಮ್ಮ ಬಂದು, ಇಲ್ಲಿಯ ಚಿಂತೆ ಬೇಡ, ಅಲ್ಲಿಯ ಕೆಲಸ ನೋಡಿಕೊಳ್ಳಿ ಅಂದಳು. ಸರಿ, ಬರುವುದು ಬೇಡ ಅಂತ ಉತ್ತರ ಬಂತಲ್ಲ ಅಂತ ತಿಳಿದುಕೊಂಡೆ.”

ಹುಡುಗಿ ಗಂಟೆ ಬಾರಿಸಿದಳು. ಪೋಷಕರೆಲ್ಲ ಶಿಕ್ಷೆ ಮುಗಿದವರಂತೆ ಒಟ್ಟಿಗೆ ಮಾತಾಡತೊಡಗಿದರು. ನಾನು ವರ್ಷಗಟ್ಟಲೆ ಕಾದ ಮಾತು ಅಂದು ಆ ರಿಸೀವರಿನ ಒಳಗೇ ಇತ್ತು, ನನ್ನ ಕಿವಿಗೂ ಅದಕ್ಕೂ ಗೇಣು ದೂರ. ಅಪ್ಪ ಬಿ.ಸಿ.ರೋಡಿನಲ್ಲಿ ಹೋಟೆಲಿಟ್ಟು ನಷ್ಟವಾಗಿ, ನಾವು ಗಂಜಿ ಕುಡಿದು, ನಾನು ಹೆಚ್ಚು ಓದದೆ ಉಳಿದಿರಬಹುದಿತ್ತು, ಅದೂ ನಿಜವೇ. ಹಾಗೆ ಯೋಚಿಸಿದರೆ ಸಮಾಧಾನವಾದೀತೆಂದು ನೋಡಿದೆ. ಆಗಲಿಲ್ಲ. ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಚಿಕ್ಕಮ್ಮ ಯಾಕೆ ಹೇಳಲಿಲ್ಲ?

ರಿಕ್ಷಾದಲ್ಲಿ ಅಪ್ಪ ಎಂದಿನ ಅಪ್ಪನಾಗಿದ್ದರು. “ಅಮ್ಮನಿಗೆ ಇದೆಲ್ಲ ಹೇಳುವುದು ಬೇಡ ಆಯ್ತಾ. ಅವಳಿಗೆ ಪ್ರೆಶರ್ ಉಂಟು. ಸುಮ್ಮನೆ ಬೇಜಾರು ಮಾಡಿಕೊಳ್ತಾಳೆ,” ಎಂದರು. ಅಭ್ಯಾಸಬಲದಿಂದ ನಾನು ಹೂಂ ಎಂದೆ.

ಮನೆಗೆ ಬಂದಾಗ ಅಮ್ಮ ಹೊರಗಿನ ಕೋಣೆಯಲ್ಲಿ ಕೂತು ಗೆರಸೆಯ ತುಂಬ ಬಸಳೆ ಸೊಪ್ಪು ಬಿಡಿಸುತ್ತಿದ್ದಳು. “ಎಂಥ ಹೇಳಿದರು ಮೀಟಿಂಗಿನಲ್ಲಿ?” ಎಂದು ಕೇಳಿದಳು. “ಎಂಥ ಇಲ್ಲ,” ಎಂದರು ಅಪ್ಪ, ಚಪ್ಪಲಿ ಬಿಡುತ್ತ. “ಸೌಖ್ಯದಲ್ಲಿರಬೇಕಂತೆ.”

ನಾನು ಅಮ್ಮನ ಪಕ್ಕ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಮೊದಲು ಕಣ್ಸನ್ನೆ ಮಾಡಿದರು, ಆಮೇಲೆ ಕೆಮ್ಮಿದರು, ಆಮೇಲೆ ಸೋತು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಅಮ್ಮ ಒಂದು ಮಾತೂ ನಡುವೆ ಹಾಕಲಿಲ್ಲ. ಮುಗಿದ ಮೇಲೆ ಬಸಳೆಯ ಗೆರಸೆಯನ್ನು ಬದಿಗಿಟ್ಟು, ಮೊಬೈಲು ತೆಗೆದು, ಸ್ಪೀಕರ್ ಹಾಕಿ ನಾರಾವಿಗೆ ಫೋನು ಮಾಡಿದಳು.

“ಸೌಖ್ಯವಾ ಅಕ್ಕ?” ಎಂದಳು ಚಿಕ್ಕಮ್ಮ. ಈಗಲೂ ಅದೇ ಸ್ವರ. ಅಮ್ಮ ತನಗೆ ತಾನೇ ಫೋನು ಮಾಡಿದ ಹಾಗಿತ್ತು.

“ಸೌಖ್ಯ ಅಲ್ಲಿರಲಿ. ನಿನ್ನ ಭಾವ ಅಂದು ಬರ್ತೇನೆ ಅಂದದ್ದನ್ನು ನನಗೆ ಯಾಕೆ ಹೇಳಲಿಲ್ಲ ನೀನು?”

ಯಾವ ಅಂದು, ಯಾವ ಬರ್ತೇನೆ ಎಂದು ಅವಳು ಕೇಳಲಿಲ್ಲ.

“ನಿನಗೆ ಹೊಲಿಗೆ ಹಾಕಿತ್ತಲ್ಲ ಅಕ್ಕ,” ಎಂದಳು. “ಬೇಜಾರು ಆಗ್ಬಾರದು ಅಂತ ಡಾಕ್ಟ್ರು ಹೇಳಿದ್ರು.”

“ಹೊಲಿಗೆ ಬಿಚ್ಚಿ ಮೂವತ್ತು ವರ್ಷ ಆಯ್ತಲ್ಲ ಮಾರಾಯ್ತಿ!”

“ಭಾವ ಮತ್ತೆ ಆ ಮಾತು ಎತ್ತಲೇ ಇಲ್ಲ. ಸರಿಯಾಗಿರಬೇಕು ಅಂತ ಸುಮ್ಮನಾದೆ. ದಿನಾ ನೆನಪಾಗ್ತಿತ್ತು ಅಕ್ಕ. ದೇವರಾಣೆ, ದಿನಾ,” ಎಂದು ಚಿಕ್ಕಮ್ಮ ಅತ್ತಳು. ಅಮ್ಮ ಬೈಯಲಿಲ್ಲ. “ಅಳಬೇಡ. ನಾಡಿದ್ದು ಬಂದುಹೋಗು,” ಎಂದು ಫೋನಿಟ್ಟಳು.

ಅಪ್ಪ ಬಾಗಿಲ ಕಡೆ ನೋಡುತ್ತ, “ಈಗ ಎಂಥಕ್ಕೆ ಅದೆಲ್ಲ? ನಾನು ಬಂದಾಯ್ತಲ್ಲ. ಬಂದು ಎಷ್ಟು ವರ್ಷ ಆಯ್ತು,” ಎಂದರು.

“ನೀವು ಬಂದಿದ್ದೀರಿ,” ಎಂದಳು ಅಮ್ಮ. “ನನಗೆ ಬನ್ನಿ ಅಂತ ಹೇಳ್ಲಿಕ್ಕೆ ಸಿಗಲಿಲ್ಲವಲ್ಲ.”

ಅಪ್ಪ ತಲೆಯೆತ್ತಿ ಅವಳನ್ನು ನೋಡಿದರು. ಈ ಮನೆಯಲ್ಲಿ ಅವರಿಬ್ಬರೂ ಹಾಗೆ ನೋಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ನಾನು ಅಲ್ಲಿರಬಾರದೆನಿಸಿ ಗೆರಸೆ ಎತ್ತಿಕೊಂಡು ಒಳಗೆ ನಡೆದೆ. ಮಗಳು ಕೋಣೆಯ ಬಾಗಿಲಲ್ಲಿ ನಿಂತು ನನ್ನ ಹಿಂದೆ, ಅಮ್ಮ ಕೂತಲ್ಲಿಗೆ ನೋಡುತ್ತಿದ್ದಳು. “ಎಂಥ ಆಯ್ತಮ್ಮ? ಅಜ್ಜಿ ಯಾಕೆ ಅಳ್ತಾ ಇದ್ದಾರೆ?” ಎಂದು ಕೇಳಿದಳು. ಎಂಥ ಇಲ್ಲ, ಓದಿಕೋ ಹೋಗು ಎನ್ನುವ ಮಾತು ತುಟಿಯವರೆಗೆ ಬಂದಿತ್ತು.

“ಬಾ, ಅಡುಗೆಮನೆಯಲ್ಲಿ ಕೂರುವ,” ಎಂದೆ. “ಹೇಳ್ತೇನೆ.”